ಮೊಬೈಲಿನ ‘ಮನಸ್ಸಿನ ಟ್ರೈನಿಂಗ್’ನಿಂದ ಜನರ ಎದುರಿನ ಹೆದರಿಕೆ ಹೋಗುತ್ತದಾ?

ಗುಮಾಸ್ತೆ_ಮಂಜೇಶ್ವರ

ಸ್ವಲ್ಪ ಉದ್ದ ಉಂಟು, ಬೇಸರ ಮಾಡಬೇಡಿ.

ನಾನು ಮಂಜೇಶ್ವರ ತಾಲೂಕಿನ ಒಂದು ಪಂಚಾಯತ್ ಆಫೀಸಿನಲ್ಲಿ ಕ್ಲರ್ಕ್. ಪಿಎಸ್‌ಸಿ ಬರೆದು, ಕನ್ನಡ ಮಲಯಾಳ ಎರಡೂ ಗೊತ್ತಿರುವವರ ಲಿಸ್ಟಿನಲ್ಲಿ ಸಿಕ್ಕಿದ ಕೆಲಸ. ಫೈಲ್ ಕೆಲಸದಲ್ಲಿ ನನ್ನ ಮೇಲೆ ಯಾರ ದೂರೂ ಇಲ್ಲ. ಕಷ್ಟ ಶುರುವಾಗುವುದು ಫ್ರಂಟ್ ಆಫೀಸಿನಲ್ಲಿ ಕೂರಿಸಿದಾಗ. ಕನ್ನಡದ ಅರ್ಜಿ ಹಿಡಿದುಕೊಂಡು ಯಾರು ಬಂದರೂ ನನ್ನ ಕಡೆಗೇ ಕಳಿಸುತ್ತಾರೆ. ಎದುರು ನಾಲ್ಕು ಜನ ನಿಂತರೆ ಸಾಕು, ಕಿವಿ ಬಿಸಿಯಾಗುತ್ತದೆ, ಕುತ್ತಿಗೆ ಕೆಂಪಾಗುತ್ತದೆ. ಯಾರಾದರೂ ನೋಡುತ್ತಿರುವಾಗ ರಶೀದಿಗೆ ಸಹಿ ಹಾಕಬೇಕಾದರೆ ಪೆನ್ನು ನಡುಗುತ್ತದೆ. ಹಾಗಾಗಿ ಎಡಗೈಯಿಂದ ರಶೀದಿ ಪುಸ್ತಕವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಉಸಿರು ಕಟ್ಟಿ ಸಹಿ ಮಾಡುತ್ತೇನೆ.

ಫೋನ್ ಅದಕ್ಕಿಂತ ಕಷ್ಟ. ಬೇರೆ ಆಫೀಸಿಗೆ ಫೋನ್ ಮಾಡಬೇಕಾದರೆ ಹೇಳಬೇಕಾದ ಮಾತನ್ನೆಲ್ಲ ಮೊದಲೇ ಹಳೆಯ ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ. ಅದೂ ಎಲ್ಲರ ಎದುರು ಅಲ್ಲ, ರೆಕಾರ್ಡ್ ರೂಮಿಗೆ ಹೋಗಿ ಮಾಡುತ್ತೇನೆ. ಆ ಕಡೆಯವರು ನಾನು ಬರೆದುಕೊಳ್ಳದ ಪ್ರಶ್ನೆ ಕೇಳಿದರೆ ಮುಗಿಯಿತು. ಮಲಯಾಳ ಬರುವುದಿಲ್ಲ ಅಂತಲ್ಲ. ಮನೆಯ ಹತ್ತಿರದ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇನೆ. ಸಹೋದ್ಯೋಗಿಗಳ ಕಿವಿಗೆ ಬೀಳುತ್ತದೆ ಅಂದಾಗ ಮಾತ್ರ ನಾಲಿಗೆ ಒಣಗುತ್ತದೆ. ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಗುಂಪು) ಮೀಟಿಂಗಿನಲ್ಲಿ ಚಹಾ ಕೊಟ್ಟರೆ ಮುಟ್ಟುವುದಿಲ್ಲ. ಲೋಟ ನಡುಗುವುದು ಕಾಣುತ್ತದಲ್ಲ! ನಾನು ಚಹಾವೇ ಕುಡಿಯದವಳು ಅಂತ ಅವರೆಲ್ಲ ತಿಳಿದುಕೊಂಡಿದ್ದಾರೆ.

ಇದು ಹೈಸ್ಕೂಲಿನಿಂದ ಉಂಟು. ಆಗ ‘ನಾಚಿಕೆ ಜಾಸ್ತಿ’ ಅನ್ನುತ್ತಿದ್ದರು. ಈಗ ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಎರಡೂ ಭಾಷೆಯಲ್ಲಿ ಓದುವ ಕೆಲಸ ನನಗೆ ಬಿದ್ದಿದೆ. ಮೈಕಿನಲ್ಲಿ. ರಾತ್ರಿ ನಿದ್ದೆ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಆ್ಯಪ್ ಸಿಕ್ಕಿತು. ಸ್ಕ್ರೀನಿನಲ್ಲಿ ಎರಡು ಮುಖ ಬರುತ್ತವೆ. ಒಂದು ಸಿಟ್ಟಿನ ಮುಖ, ಇನ್ನೊಂದು ಸಾಧಾರಣ ಮುಖ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಮಾಯ. ಸಾಧಾರಣ ಮುಖ ಇದ್ದ ಜಾಗದಲ್ಲಿ ಒಂದು ಚುಕ್ಕೆ ಕಾಣುತ್ತದೆ, ಅದನ್ನು ಬೇಗ ಒತ್ತಬೇಕು. ಹೀಗೆ ನೂರಾರು ಸಲ. ‘ಮಾತ್ರೆ ಇಲ್ಲ, ಕೌನ್ಸೆಲಿಂಗ್ ಇಲ್ಲ, ಮೆದುಳಿಗೇ ಟ್ರೈನಿಂಗ್’ ಅಂತ ಬರೆದಿದ್ದಾರೆ. ಫ್ರೀ ಅವಧಿ ಮುಗಿದಿದೆ. ಮುಂದುವರಿಸಲು ವರ್ಷಕ್ಕೆ 4,000 ರೂಪಾಯಿಯ ಹತ್ತಿರ ಕೇಳುತ್ತಿದೆ. ನನ್ನ ಸ್ಕೋರ್ ಏರಿದೆ, ಹೆಬ್ಬೆರಳು ಚುರುಕಾಗಿದೆ. ಕೌಂಟರಿನಲ್ಲಿ ಕುತ್ತಿಗೆ ಕೆಂಪಾಗುವುದು ಮಾತ್ರ ಇದ್ದ ಹಾಗೇ ಉಂಟು.

ಇದು ನಿಜವಾಗಿ ಚಿಕಿತ್ಸೆಯಾ? ಇದನ್ನೇ ಇನ್ನೂ ಜಾಸ್ತಿ ಮಾಡಿದರೆ ಡಾಕ್ಟರ ಹತ್ತಿರ ಹೋಗದೆ ಸುಧಾರಿಸಬಹುದಾ? ಹೋಗಲು ಮನಸ್ಸಿಲ್ಲದ್ದಕ್ಕೆ ಕಾರಣ ನಿಮಗೆಲ್ಲ ಗೊತ್ತೇ ಉಂಟು. ಸಣ್ಣ ಊರು. ಮಾನಸಿಕ ವಿಭಾಗದ ಎದುರಿನ ಬೆಂಚಿನಲ್ಲಿ ಕೂತರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ ಬೇರೆ.

——

ಅರ್ಥಧಾರಿ_ನೀರ್ಚಾಲು

ತಂಗೀ, 4,000 ರೂಪಾಯಿ ಉಳಿಸಿ. ಹತ್ತಿರದಲ್ಲಿ ತಾಳಮದ್ದಳೆ ಸಂಘ ಇದ್ದರೆ ಸೇರಿ ಅಂತ ಬರೆಯಲು ಹೊರಟಿದ್ದೆ. ಬರೆಯುವಾಗಲೇ ನನ್ನ ಕತೆ ನೆನಪಾಗಿ ಕೈ ತಡೆಯಿತು.

ಭೀಷ್ಮನ ಅರ್ಥ ಹೇಳಲು ಕೂತರೆ ನನಗೆ ಎದುರಿನ ಇನ್ನೂರು ಜನ ಲೆಕ್ಕಕ್ಕೇ ಇಲ್ಲ. ಎದುರಿನ ಕೃಷ್ಣನನ್ನು ಮಾತಿನಲ್ಲಿ ಕಟ್ಟಿಹಾಕಿದ್ದೂ ಉಂಟು. ಆದರೆ ಕೂಟ ಮುಗಿದು ಊಟದ ಪಂಕ್ತಿಯಲ್ಲಿ ಕೂತಾಗ ಪಕ್ಕದವರು “ಎಂತ, ಆರಾಮವಾ?” ಅಂತ ಕೇಳಿದರೆ ಬೆವರುತ್ತೇನೆ ಮಾರಾಯ್ರೇ. ಎಷ್ಟೋ ಸಲ ಊಟ ಮಾಡದೆ, ಬಸ್ಸು ತಪ್ಪುತ್ತದೆ ಅಂತ ಸುಳ್ಳು ಹೇಳಿ ಎದ್ದು ಬಂದಿದ್ದೇನೆ. ಬೈಕಿನಲ್ಲಿ ಹೋದವನು! ಇದಕ್ಕೆ ಗೊತ್ತಿದ್ದವರು ಯಾರಾದರೂ ವಿವರಣೆ ಕೊಟ್ಟರೆ ನನಗೂ ಉಪಕಾರ.

——

ಮುಳ್ಳೇರಿಯ_ಸೈಕಾಲಜಿಸ್ಟ್

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಊರು ಮುಳ್ಳೇರಿಯ, ಕೆಲಸ ಮಂಗಳೂರಿನಲ್ಲಿ. ಇಲ್ಲಿ ಬರೆಯುವುದನ್ನು ತಪಾಸಣೆ ಅಂತ ತಿಳಿಯಬೇಡಿ. ಆದರೆ ನೀವು ಹೇಳಿದ್ದೆಲ್ಲ ಸೋಶಿಯಲ್ ಆಂಗ್ಸೈಟಿಗೆ, ಅಂದರೆ ಜನರ ಎದುರು ಆಗುವ ಅತಿಯಾದ ಆತಂಕಕ್ಕೆ, ಚೆನ್ನಾಗಿ ಹೊಂದುತ್ತದೆ. ಹೆಚ್ಚಿನವರಿಗೆ ಇದು ಹದಿಮೂರು ವರ್ಷದ ಆಸುಪಾಸಿನಲ್ಲೇ ಶುರುವಾಗುವುದು. ನಾಚಿಕೆ ಅಂತ ಬಿಟ್ಟುಬಿಡುವುದರಿಂದಲೇ ಎಷ್ಟೋ ವರ್ಷ ಹಾಳಾಗುತ್ತದೆ.

ಮೊದಲು ನಿಮ್ಮ ಚುಕ್ಕೆಯ ಆಟ. ಅದು ಪೂರ್ತಿ ಬೋಗಸ್ ಅಲ್ಲ, ಅದಕ್ಕೊಂದು ಒಳ್ಳೆಯ ಹಿನ್ನೆಲೆ ಉಂಟು. ಕಾಲಿನ್ ಮ್ಯಾಕ್‌ಲಿಯೋಡ್ ಮತ್ತು ಜೊತೆಯವರು 1986ರಲ್ಲಿ ಇದನ್ನು ಪರೀಕ್ಷೆಯಾಗಿ ಬಳಸಿದರು. ಆಗ ತೋರಿಸಿದ್ದು ಮುಖ ಅಲ್ಲ, ಪದಗಳು. ಆತಂಕ ಇರುವವರ ಗಮನ ಹೆದರಿಸುವ ಪದದ ಕಡೆಗೆ ಬೇಗ ಹೋಗುತ್ತದೆ, ಹಾಗಾಗಿ ಅಲ್ಲಿ ಬಂದ ಚುಕ್ಕೆಯನ್ನು ಅವರು ಬೇಗ ಗುರುತಿಸುತ್ತಾರೆ ಅಂತ ಕಂಡಿತು. ಹಾಗಾದರೆ ಚುಕ್ಕೆಯನ್ನು ಯಾವಾಗಲೂ ಸಾಧಾರಣ ಮುಖದ ಜಾಗದಲ್ಲೇ ಇಟ್ಟರೆ ಗಮನಕ್ಕೆ ಹೊಸ ಅಭ್ಯಾಸ ಆಗಬಹುದಲ್ವಾ ಅಂತ ಮುಂದೆ ಯೋಚಿಸಿದರು. ಪರೀಕ್ಷೆ ಟ್ರೈನಿಂಗ್ ಆದದ್ದು ಹೀಗೆ.

2009ರಲ್ಲಿ ಅಮೆರಿಕದಿಂದ ಎರಡು ಅಧ್ಯಯನ ಬಂದವು. ನಾದರ್ ಅಮೀರ್ ಅವರ ತಂಡ ಸುಮಾರು 20 ನಿಮಿಷದ 8 ಸೆಷನ್ ಕೊಟ್ಟಿತು. ಕೊನೆಗೆ ಅರ್ಧದಷ್ಟು ಜನರಲ್ಲಿ ಕಾಯಿಲೆ ಅನ್ನುವಷ್ಟು ಲಕ್ಷಣ ಉಳಿದಿರಲಿಲ್ಲ. ಹೋಲಿಸಿ ನೋಡಲು ಸುಳ್ಳು ಟ್ರೈನಿಂಗ್ (ಅದೇ ಆಟ, ಆದರೆ ಚುಕ್ಕೆ ಎರಡೂ ಮುಖದ ಜಾಗದಲ್ಲಿ ಸಮನಾಗಿ ಬರುವುದು) ಪಡೆದವರಲ್ಲಿ ಅದು ಶೇ. 14 ಮಾತ್ರ. ಇನ್ನೊಂದರಲ್ಲಿ ಶೇ. 72 ಮತ್ತು ಶೇ. 11. ಇಷ್ಟು ಅಗ್ಗದಲ್ಲಿ, ಡಾಕ್ಟರ ಮುಖ ನೋಡದೆ ಗುಣವಾಗುವುದಾದರೆ ಯಾರಿಗೆ ಬೇಡ? ಆ್ಯಪ್ ಮಾಡುವವರು ಇವತ್ತಿಗೂ ತೋರಿಸುವುದು ಇಂಥ ಅಂಕಿಗಳನ್ನೇ.

ನಂತರದ್ದನ್ನು ತೋರಿಸುವುದಿಲ್ಲ. ಸ್ವೀಡನ್ನಿನ ಪೇರ್ ಕಾರ್ಲ್‌ಬ್ರಿಂಗ್ ಅವರ ತಂಡ ಇದೇ ಟ್ರೈನಿಂಗನ್ನು ಇಂಟರ್ನೆಟ್ ಮೂಲಕ ಮನೆಯಲ್ಲೇ ಮಾಡಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ನಿಜ ಟ್ರೈನಿಂಗ್, ಸುಳ್ಳು ಟ್ರೈನಿಂಗ್ ಎರಡರ ನಡುವೆ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ನೀವು ಮನೆಯಲ್ಲಿ ಮೊಬೈಲ್ ಹಿಡಿದು ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. 2015ರಲ್ಲಿ ಕ್ರಿಸ್ಟಿಯಾ, ಕೋಕ್, ಕೈಪರ್ಸ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಪರಿಣಾಮ ಸಣ್ಣದು, ಒಳ್ಳೆಯ ಫಲಿತಾಂಶ ಬಂದದ್ದೇ ಹೆಚ್ಚು ಪ್ರಕಟವಾಗಿದೆ ಅಂತ ಅವರ ತೀರ್ಮಾನ. ಇನ್ನೊಂದು ಮುಜುಗರವೂ ಉಂಟು. ಗಮನ ಯಾವ ಕಡೆ ವಾಲುತ್ತದೆ ಅಂತ ಈ ಚುಕ್ಕೆಯಿಂದ ಅಳೆದರೆ, ಅದೇ ಮನುಷ್ಯನಿಗೆ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಇದನ್ನು 2005ರಲ್ಲೇ ತೋರಿಸಿದ್ದರು. ಅಡಿಕೆ ತೂಗುವ ತಕ್ಕಡಿ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿದರೆ ಯಾರು ನಂಬುತ್ತಾರೆ?

ಇದೇ ಜಾತಿಯ ಇನ್ನೊಂದು ಟ್ರೈನಿಂಗ್ ಉಂಟು. ಎರಡು ರೀತಿ ಅರ್ಥವಾಗುವ ಸನ್ನಿವೇಶ ಕೊಟ್ಟು, ಕೆಟ್ಟದ್ದಲ್ಲದ ಅರ್ಥ ಹಿಡಿಯಲು ಅಭ್ಯಾಸ ಮಾಡಿಸುತ್ತಾರೆ. ‘ನೀವು ಮಾತಾಡುವಾಗ ಒಬ್ಬರು ಎದ್ದು ಹೋದರು’ ಅಂದರೆ ಅವರಿಗೆ ಬಸ್ಸಿನ ಹೊತ್ತಾಗಿರಬಹುದು, ಹೀಗೆ. ಚುಕ್ಕೆಗಿಂತ ಇದಕ್ಕೆ ಸ್ವಲ್ಪ ಹೆಚ್ಚು ಆಧಾರ ಉಂಟು. ಆದರೂ ಇದನ್ನೇ ನಂಬಿ ಚಿಕಿತ್ಸೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸ್ಕೋರ್ ಏರಿದ ಮಾತ್ರಕ್ಕೆ ಜೀವನ ಸುಧಾರಿಸುತ್ತದೆ ಅಂತ ನಂಬಬೇಡಿ. ಮೆದುಳಿನ ಆಟಗಳ ‘ಲುಮೋಸಿಟಿ’ ಕಂಪನಿ ತನ್ನ ಜಾಹೀರಾತಿನ ಮಾತಿಗೆ ಸಾಕಷ್ಟು ಆಧಾರ ಇಲ್ಲ ಅನ್ನುವ ಕೇಸಿನಲ್ಲಿ 2016ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗೆ 20 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದು ಬೇರೆ ಬಗೆಯ ಆಟ, ಆದರೆ ಆಸೆ ಹುಟ್ಟಿಸುವ ರೀತಿ ಒಂದೇ.

ಈಗ ನಿಮ್ಮ ಕೌಂಟರಿಗೆ ಬರೋಣ. ನನಗೆ ಮುಖ್ಯ ಅನಿಸುವುದು ಇದು. ಎದುರು ನಾಲ್ಕು ಜನ ನಿಂತಾಗ ನಿಮ್ಮ ಗಮನ ಎಲ್ಲಿರುತ್ತದೆ? ಅವರ ಸಿಟ್ಟಿನ ಮುಖದ ಮೇಲೆ ಅಲ್ಲವೇ ಅಲ್ಲ. ನಿಮ್ಮ ಕಿವಿ, ನಿಮ್ಮ ಕುತ್ತಿಗೆ, ನಿಮ್ಮ ಪೆನ್ನಿನ ಮೇಲೆ. ನಿಮ್ಮನ್ನೇ ನೀವು ಹೊರಗಿನಿಂದ ನೋಡುತ್ತಾ, ‘ನಾನೀಗ ಹೀಗೆ ಕಾಣುತ್ತಿದ್ದೇನೆ’ ಅಂತ ಒಂದು ಚಿತ್ರ ಮಾಡಿಕೊಳ್ಳುತ್ತೀರಿ. ಆ ಚಿತ್ರ ಎದುರಿನವರ ಮುಖದಿಂದ ಬಂದದ್ದಲ್ಲ, ನಿಮ್ಮ ಮೈ ಬಿಸಿಯಿಂದ ಬಂದದ್ದು. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದ್ದು ಇದನ್ನೇ. ಅದರ ಜೊತೆಗೆ ಅವರು ಹೇಳಿದ ಇನ್ನೊಂದು ಸಂಗತಿ ನಿಮ್ಮ ಬರಹದ ತುಂಬಾ ಉಂಟು. ರಶೀದಿ ಪುಸ್ತಕ ಒತ್ತಿ ಹಿಡಿಯುವುದು, ಉಸಿರು ಕಟ್ಟುವುದು, ಕಾಗದದಲ್ಲಿ ಮಾತು ಬರೆದಿಡುವುದು, ರೆಕಾರ್ಡ್ ರೂಮ್, ಕುಡಿಯದ ಚಹಾ. ಇವೆಲ್ಲ ಮರ್ಯಾದೆ ಉಳಿಸಿಕೊಳ್ಳಲು ನೀವು ಮಾಡುವ ಉಪಾಯಗಳು. ಆದರೆ ಒತ್ತಿ ಹಿಡಿದ ಕೈ ಜಾಸ್ತಿ ನಡುಗುತ್ತದೆ. ಕಾಗದ ಓದುವವರಿಗೆ ಆ ಕಡೆಯವರು ಕೇಳಿದ್ದು ಕೇಳಿಸುವುದಿಲ್ಲ. ಏನೂ ಅನಾಹುತ ಆಗದಿದ್ದರೆ ‘ಉಪಾಯ ಮಾಡಿದ್ದಕ್ಕೆ ಬಚಾವಾದೆ’ ಅನಿಸುತ್ತದೆ. ಹೆದರಿಕೆಯ ಬುಡಕ್ಕೆ ಪೆಟ್ಟೇ ಬೀಳುವುದಿಲ್ಲ.

ಅರ್ಥಧಾರಿಯವರ ಪ್ರಶ್ನೆಗೂ ಉತ್ತರ ಇಲ್ಲೇ ಉಂಟು. ಭೀಷ್ಮನಾಗಿ ಕೂತಾಗ ನಿಮ್ಮ ಗಮನ ಪೂರ್ತಿ ಕೃಷ್ಣನ ವಾದದ ಮೇಲೆ, ಭಾಗವತರ ಪದದ ಮೇಲೆ. ಪಂಕ್ತಿಯಲ್ಲಿ ಕೂತಾಗ ಪಾತ್ರ ಇಲ್ಲ, ಪದ ಇಲ್ಲ, ಗಮನ ನಿಮ್ಮ ಮೇಲೆಯೇ ಬೀಳುತ್ತದೆ. ಸ್ಟೇಜ್ ಹತ್ತಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುವವರು ಇದನ್ನು ಗಮನಿಸಬೇಕು.

ಹಾಗಾಗಿ ಟ್ರೈನಿಂಗ್ ಬೇಕೇ ಬೇಕು, ಅದನ್ನು ನಿಮ್ಮ ಕುರ್ಚಿಯಲ್ಲೇ ಮಾಡಬೇಕು. ಒಂದು ಪ್ರಯೋಗ ಹೇಳುತ್ತೇನೆ. ಕಷ್ಟ ಕಡಿಮೆ ಇರುವ ಒಂದು ಫೋನ್ ಆರಿಸಿಕೊಳ್ಳಿ. ಒಮ್ಮೆ ನಿಮ್ಮ ಮಾಮೂಲಿ ರೀತಿಯಲ್ಲಿ, ಕಾಗದ ನೋಡಿಕೊಂಡು, ನಿಮ್ಮ ಸ್ವರ ಹೇಗಿದೆ ಅಂತ ಗಮನಿಸುತ್ತಾ ಮಾತಾಡಿ. ಇನ್ನೊಮ್ಮೆ ಅಂಥದೇ ಫೋನನ್ನು ಕಾಗದ ಇಲ್ಲದೆ, ಆ ಕಡೆಯವರು ಏನು ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಮಾತ್ರ ಕಿವಿಯಿಟ್ಟು ಮಾಡಿ. ಯಾವುದರಲ್ಲಿ ಆತಂಕ ಜಾಸ್ತಿ ಇತ್ತು, ಯಾವುದರಲ್ಲಿ ಕೆಲಸ ಆಯಿತು, ಎರಡನ್ನೂ ಬರೆದಿಡಿ. ಸುಮ್ನೆ ಧೈರ್ಯ ಮಾಡಿ ಅಂತ ನಾನು ಹೇಳುತ್ತಿಲ್ಲ. ಹೋಲಿಸಿ ನೋಡಿ ಅನ್ನುತ್ತಿದ್ದೇನೆ.

ಕೌಂಟರಿನಲ್ಲೂ ಹಾಗೆಯೇ. ಎದುರಿನವರ ಕೈಯಲ್ಲಿ ಎಂತ ಉಂಟು, ಅವರಿಗೆ ಬೇಕಾದದ್ದು ಎಂತ, ಅವರ ಮುಖದಲ್ಲಿ ಅವಸರವಾ ಗೊಂದಲವಾ, ಇಷ್ಟು ನೋಡುವುದೇ ನಿಮ್ಮ ಕೆಲಸ. ಕುತ್ತಿಗೆ ಕೆಂಪಾದರೆ ಆಗಲಿ. ಅದನ್ನು ತಡೆಯಲು ಹೋಗಬೇಡಿ.

ವೆಲ್ಸ್ ಅವರದ್ದೇ ಇನ್ನೊಂದು ಅಭ್ಯಾಸ ಶಬ್ದ ಕೇಳುವುದು. ಸುಮಾರು 12 ನಿಮಿಷದ್ದು. ಜಗಲಿಯಲ್ಲಿ ಕೂತು ಮಿಕ್ಸಿ, ಕೊಟ್ಟಿಗೆಯ ಗಂಟೆ, ಹೈವೇಯ ಲಾರಿ, ಫ್ಯಾನು, ಹೀಗೆ ಒಂದೊಂದೇ ಶಬ್ದ ಆರಿಸಿ ಅದನ್ನೇ ಕೇಳಬೇಕು. ಆಮೇಲೆ ಒಂದರಿಂದ ಇನ್ನೊಂದಕ್ಕೆ ಬೇಗಬೇಗ ಹಾರಬೇಕು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕೇಳಬೇಕು. ಗಮನ ನೀವು ಹೇಳಿದ ಕಡೆ ಹೋಗಲು ಕಲಿಯುತ್ತದೆ. ಆತಂಕ ಬಂದಾಗ ತಪ್ಪಿಸಿಕೊಳ್ಳುವ ಮದ್ದಲ್ಲ ಇದು. ಮನಸ್ಸು ಶಾಂತವಾಗಿರುವಾಗ ಮಾಡಿ.

ನಿಮ್ಮನ್ನು ಎಲ್ಲರೂ ನೋಡುತ್ತಾರೆ ಅನ್ನುವುದಕ್ಕೆ ಒಂದು ಮಾತು. ಕಾರ್ನೆಲ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳಿಗೆ ನಾಚಿಕೆ ಹುಟ್ಟಿಸುವಂಥ ಟೀ ಶರ್ಟ್ ಹಾಕಿಸಿ ಕೋಣೆಯೊಳಗೆ ಕಳಿಸಿದರು. ಶರ್ಟಿನಲ್ಲಿ ಯಾರ ಚಿತ್ರ ಇದೆ ಅಂತ ಅರ್ಧದಷ್ಟು ಜನ ಹೇಳಿಯಾರು ಅಂತ ಹಾಕಿಕೊಂಡವರ ಅಂದಾಜು. ಹೇಳಿದವರು ಕಾಲು ಭಾಗದಷ್ಟೂ ಇರಲಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನ.

ಇಷ್ಟೆಲ್ಲ ಹೇಳಿದರೂ, ಒಬ್ಬರೇ ಮಾಡುವುದಕ್ಕಿಂತ ಗೊತ್ತಿದ್ದವರ ಜೊತೆ ಮಾಡುವುದು ಒಳ್ಳೆಯದು. ಕ್ಲಾರ್ಕ್ ಅವರ ತಂಡದ 2006ರ ಅಧ್ಯಯನದಲ್ಲಿ ಈ ರೀತಿಯ ಚಿಕಿತ್ಸೆ ಪಡೆದವರಲ್ಲಿ ಶೇ. 84 ಜನ ಕಾಯಿಲೆಯ ಗೆರೆಯಿಂದ ಹೊರಗೆ ಬಂದರು. ಬರೀ ಎದುರಿಸುವ ಅಭ್ಯಾಸ ಮತ್ತು ರಿಲ್ಯಾಕ್ಸೇಶನ್ ಮಾಡಿದವರಲ್ಲಿ ಶೇ. 42. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲೂ ಮೊದಲು ಹೇಳಿರುವುದು ಒಬ್ಬೊಬ್ಬರಿಗೇ ಕೊಡುವ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ. ಕ್ಲಾರ್ಕ್ ರೀತಿಯದ್ದಾದರೆ ಸುಮಾರು 4 ತಿಂಗಳಲ್ಲಿ 90 ನಿಮಿಷದ 14 ಸೆಷನ್‌ವರೆಗೆ. ನಮ್ಮಲ್ಲಿ 90 ನಿಮಿಷ ಸಿಗುವುದು ಅಪರೂಪ, ಅದು ಬೇರೆ ಮಾತು. ಮಾತು ಬೇಡ, ಮಾತ್ರೆ ಆದೀತು ಅನ್ನುವವರಿಗೆ ಸೆರ್ಟ್ರಲಿನ್, ಎಸಿಟಲೋಪ್ರಾಮ್ ಉಂಟು. ಪರಿಣಾಮ ಕಾಣಲು ಕೆಲವು ವಾರ ಬೇಕು, ಮಧ್ಯದಲ್ಲಿ ತಾವಾಗಿಯೇ ನಿಲ್ಲಿಸಬಾರದು.

ಬೆಂಚಿನ ವಿಷಯ ನನಗೆ ಅರ್ಥವಾಗುತ್ತದೆ. ಮೊದಲ ಹೆಜ್ಜೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಂಟು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ. ಕೇರಳದ ಆರೋಗ್ಯ ಸಹಾಯವಾಣಿ ‘ದಿಶಾ’ 1056 ಕೂಡ ಉಂಟು. ತಲಪಾಡಿ ದಾಟಿದರೆ ದೇರಳಕಟ್ಟೆ, ಮಂಗಳೂರು. ಅಲ್ಲಿನ ಆಸ್ಪತ್ರೆಗಳಲ್ಲಿ ಕಾಸರಗೋಡಿನವರು ಕಣ್ಣಿನ ವಿಭಾಗಕ್ಕೆ ಬಂದಿರೋ ನನ್ನ ಹತ್ತಿರ ಬಂದಿರೋ ಕೇಳುವವರಿಲ್ಲ.

——

ಉಪ್ಪಳ_ಮೆಡಿಕಲ್

ಒಂದು ಎಚ್ಚರಿಕೆ ಮಾತ್ರ. ಸ್ಟೇಜ್ ಹೆದರಿಕೆಗೆ, ಇಂಟರ್ವ್ಯೂಗೆ ಅಂತ ಪ್ರೊಪ್ರನಲಾಲ್ ಕೇಳಿಕೊಂಡು ಅಂಗಡಿಗೆ ಬರುವವರು ಜಾಸ್ತಿಯಾಗಿದ್ದಾರೆ. ಯಾರೋ ಹೇಳಿದರಂತೆ, ಎದೆ ಬಡಿತ ನಿಲ್ಲುತ್ತದಂತೆ. ಕೈ ನಡುಕ, ಎದೆ ಬಡಿತ ಕಡಿಮೆಯಾಗುವುದು ಹೌದು. ಆದರೆ ಆಸ್ತಮಾ ಇದ್ದವರು ಅದನ್ನು ಮುಟ್ಟಲೇಬಾರದು, ಉಸಿರಾಟದ ನಾಳ ಬಿಗಿಯಾಗುತ್ತದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ನಮಗೇ ಬೈಯುತ್ತಾರೆ. ಗ್ರಾಮಸಭೆಯ ಹಿಂದಿನ ದಿನ ಯಾರಾದರೂ ಕೊಟ್ಟರು ಅಂತ ನುಂಗಬೇಡಿ ಮೇಡಂ.

——

ಗುಮಾಸ್ತೆ_ಮಂಜೇಶ್ವರ

ಅಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ಏನು ಹೇಳಲಿ! ಉಪ್ಪಳದವರೇ, ನನಗೆ ಸಣ್ಣಂದಿನಿಂದ ವೀಸಿಂಗ್ ಉಂಟು. ಆ ಮಾತ್ರೆಯ ಹೆಸರನ್ನು ನಮ್ಮ ಆಫೀಸಿನಲ್ಲೇ ಒಬ್ಬರು ಹೇಳಿದ್ದರು. ಒಳ್ಳೆಯದಾಯಿತು ನೀವು ಬರೆದದ್ದು.

ಫೋನ್ ಪ್ರಯೋಗ ಮಾಡಿದೆ. ಕಾಗದ ನೋಡಿಕೊಂಡು ಮಾಡಿದ್ದರಲ್ಲಿ ಹೇಳಬೇಕಾದ್ದೆಲ್ಲ ಹೇಳಿದೆ. ಇಟ್ಟ ಮೇಲೆ ಆ ಕಡೆಯವರು ಯಾವ ತಾರೀಕು ಹೇಳಿದರು ಅಂತಲೇ ನೆನಪಿಲ್ಲ. ಪುನಃ ಮಾಡಬೇಕಾಯಿತು. ಕಾಗದ ಇಲ್ಲದ್ದರಲ್ಲಿ ಎರಡು ಕಡೆ ತಡವರಿಸಿದೆ, ಒಂದು ಪದ ತುಳುವಿನಲ್ಲೇ ಬಂದುಬಿಟ್ಟಿತು. ಆ ಹೆಂಗಸು ನಕ್ಕು ಅವರೂ ತುಳುವಿನಲ್ಲಿ ಶುರು ಮಾಡಿದರು! ಕೆಲಸ ಆಯಿತು. ಆತಂಕ ಕಡಿಮೆಯಾಯಿತಾ ಅಂದರೆ, ಶುರುವಿನಲ್ಲಿ ಜಾಸ್ತಿ ಇತ್ತು, ಮಧ್ಯದಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕೌಂಟರಿನದ್ದು ಹೇಳುತ್ತೇನೆ. ನಿನ್ನೆ ಒಬ್ಬರು ಅಜ್ಜ ಬಂದರು. ಮಾಮೂಲಿಯಾಗಿ ನಾನು ಕಂಪ್ಯೂಟರ್ ನೋಡಿಕೊಂಡೇ “ಎಂತ ಬೇಕು?” ಅನ್ನುವುದು. ನಿನ್ನೆ ಅವರ ಕೈ ನೋಡಿದೆ. ಅಡಿಕೆ ಸುಲಿದು ಕಪ್ಪಾದ ಬೆರಳು. ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಹಳೆಯ ರಶೀದಿ, ಅದರ ಮೇಲೆ ನೀಲಿ ಸೀಲು. ಪಂಚಾಯತಿನದ್ದಲ್ಲ ಅದು, ವಿಲೇಜ್ ಆಫೀಸಿನದ್ದು. ಅವರಿಗೆ ಕಟ್ಟಬೇಕಾಗಿದ್ದದ್ದು ಭೂಮಿಯ ತೆರಿಗೆ. ನಾವು ತೆಗೆದುಕೊಳ್ಳುವುದು ಕಟ್ಟಡದ ತೆರಿಗೆ. ಹಾಗಂತ ಹೇಳಿ, ವಿಲೇಜ್ ಆಫೀಸಿಗೆ ದಾರಿ ತೋರಿಸಿದೆ. ಬೇರೆ ದಿನವಾದರೆ ಅವರು ಹೇಳಿದ್ದು ನನ್ನ ತಲೆಗೆ ಹೋಗದೆ, ನಂಬ್ರ ಹುಡುಕಿ, ಸಿಗದೆ, ಕ್ಯೂ ಬೆಳೆದು, ಹಿಂದಿನವರು ಗೊಣಗಿ, ನನ್ನ ಮುಖ ಟೊಮೆಟೊ ಆಗುತ್ತಿತ್ತು. ನಿನ್ನೆಯೂ ಕುತ್ತಿಗೆ ಬಿಸಿಯಾಯಿತು. ಆದರೆ ರಶೀದಿ ನೋಡುವ ಗಡಿಬಿಡಿಯಲ್ಲಿ ಅದರ ಮೇಲೆ ಗಮನ ಹೋಗಲಿಲ್ಲ.

ಮಧ್ಯಾಹ್ನದ ಮೇಲೆ ಪುನಃ ಮೊದಲಿನ ಹಾಗೇ. ಒಬ್ಬರು ಮೆಂಬರ್ ಬಂದು ನನ್ನ ಹಿಂದೆ ನಿಂತರು, ಸಹಿ ಮಾಡುವಾಗ ಪೆನ್ನು ನಡುಗಿಯೇ ನಡುಗಿತು. ಚಹಾದ ತಂಟೆಗೆ ಇನ್ನೂ ಹೋಗಿಲ್ಲ.

ಆ್ಯಪ್ ತೆಗೆದುಹಾಕಿದೆ. ಗ್ರಾಮಸಭೆಗೆ ಏನು ಮಾಡಲಿ ಹೇಳಿ. ಪಟ್ಟಿಯನ್ನು ಕನ್ನಡಿಯ ಎದುರು ನಿಂತು ಓದಿ ಅಭ್ಯಾಸ ಮಾಡುತ್ತಿದ್ದೇನೆ.

——

ಮುಳ್ಳೇರಿಯ_ಸೈಕಾಲಜಿಸ್ಟ್

ಕನ್ನಡಿ ಬೇಡ. ಅದು ನಿಮ್ಮನ್ನು ನೀವೇ ನೋಡಿಕೊಳ್ಳುವ ಅಭ್ಯಾಸವನ್ನೇ ಬೆಳೆಸುತ್ತದೆ. ಮನೆಯವರು ಇಬ್ಬರನ್ನು ಎದುರು ಕೂರಿಸಿ ಓದಿ, ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ವಿಡಿಯೋ ನೋಡುವ ಮೊದಲು, ಅದರಲ್ಲಿ ಏನು ಕಾಣಬಹುದು ಅಂತ ಬರೆದಿಡಿ. ಕೈ ಎಷ್ಟು ನಡುಗುತ್ತದೆ, ಮುಖ ಎಷ್ಟು ಕೆಂಪು, ಎಷ್ಟು ಹೊತ್ತು ಮಾತು ನಿಂತಿತು. ಆಮೇಲೆ ಬೇರೆ ಯಾರನ್ನೋ ನೋಡುವ ಹಾಗೆ ನೋಡಿ. ಒಳಗೆ ಅನಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಹಿಡಿಯಿರಿ. ಬರೆದದ್ದಕ್ಕೂ ಕಂಡದ್ದಕ್ಕೂ ಎಷ್ಟು ಅಂತರ ಅಂತ ನೋಡಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಇಲ್ಲಿ ಒಮ್ಮೆ ಬೆಚ್ಚಿಬೀಳುತ್ತಾರೆ.

ಸಭೆಯ ದಿನ ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ ಅಂತ ಅವರನ್ನೇ ಕೇಳಿ. ತಲೆಯೆತ್ತಿ ಅವರನ್ನು ನೋಡಲೇಬೇಕಾಗುತ್ತದೆ. ಹೆಸರು ಕರೆದಾಗ ಯಾರು ಕೈ ಎತ್ತುತ್ತಾರೆ ಅಂತ ಹುಡುಕಿ. ಪಟ್ಟಿ ಓದುವುದು ಇರುವುದೇ ಅವರಿಗೋಸ್ಕರ ಅಲ್ವಾ. ಮಧ್ಯಾಹ್ನದ ಮೇಲೆ ಮೊದಲಿನ ಹಾಗಾದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು ಎಲ್ಲರಿಗೂ ಆಗುತ್ತದೆ. ಮನೆಗೆ ಬಂದು ರಾತ್ರಿಯಿಡೀ ಅದನ್ನೇ ಮೆಲುಕು ಹಾಕುವುದು ಬೇಡ.

——

ಅರ್ಥಧಾರಿ_ನೀರ್ಚಾಲು

ಅಕ್ಕ, ನನಗೆ ಐವತ್ತು ದಾಟಿತು. ಈ ಪ್ರಾಯದಲ್ಲಿ ಇದೆಲ್ಲ ಉಪಯೋಗಕ್ಕೆ ಬರುತ್ತದಾ, ಅಥವಾ ಪಂಕ್ತಿಯ ಊಟ ಬಿಟ್ಟುಬಿಡುವುದೇ ಸುಲಭವಾ? ಬದಿಯಡ್ಕದ ಕಡೆ ಯಾರಾದರೂ ಇದ್ದಾರಾ?

——

ಮುಳ್ಳೇರಿಯ_ಸೈಕಾಲಜಿಸ್ಟ್

ಪ್ರಾಯ ಅಡ್ಡಿಯಲ್ಲ. ಊಟ ಬಿಡಬೇಡಿ, ಪಕ್ಕದವರನ್ನು ನೀವೇ ಮೊದಲು ಮಾತಾಡಿಸಿ ನೋಡಿ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಹತ್ತಿರದಲ್ಲಿ ಎಲ್ಲಿ, ಯಾವ ದಿನ ಅಂತ ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಿ, ಹೇಳುತ್ತಾರೆ. ಖಾಸಗಿಗೆ ಹೋಗುವುದಾದರೆ ಎರಡು ವಿಷಯ ನೇರವಾಗಿ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರಿಗೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಉಂಟಾ, ಸೋಶಿಯಲ್ ಆಂಗ್ಸೈಟಿಗೆ ಸಿಬಿಟಿ ಮಾಡುತ್ತಾರಾ. ಕೇಳಿದ್ದಕ್ಕೆ ಬೇಸರ ಮಾಡುವವರ ಹತ್ತಿರ ಹೋಗುವುದೇ ಬೇಡ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯೂ ಜೊತೆಗಿರಲಿ.